ಹೊಗೆಯೋ ಮಂಜೋ

ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮಳೆಗಾಲದ ಒಂದು ನೋಟ ಚೆನ್ನಾಗಿ ಗೊತ್ತು. ರಾತ್ರಿಯೆಲ್ಲ ಜಡಿದ ಮಳೆ ಬೆಳಿಗ್ಗೆ ಹೊಳವಾದೊಡನೆ ಎದುರು ಗುಡ್ಡದ ಕಾಡಿನ ನಡುವಿನಿಂದ ಬೆಳ್ಳನೆಯ ಎಳೆಯೊಂದು ನೆಟ್ಟಗೆ ಮೇಲೇಳುತ್ತದೆ. ಅಲ್ಲಿ ಯಾರೋ ಒಲೆ ಹಚ್ಚಿ ಕಾಫಿಗೆ ನೀರಿಟ್ಟಿದ್ದಾರೆ ಎಂದೇ ಅನ್ನಿಸಬೇಕು. ಬಯಲುಸೀಮೆಯಿಂದ ಬಂದ ನೆಂಟರು ಕೇಳಿದ್ದೂ ಉಂಟು: “ಅಷ್ಟು ದೂರ ಕಾಡಿನೊಳಗೆ ಮನೆ ಇದೆಯೇ?” ಮನೆಯೂ ಇಲ್ಲ, ಒಲೆಯೂ ಇಲ್ಲ. ಅದು ಮಂಜು. ನಿಮಗದು ಹೇಗೆ ಗೊತ್ತಾಯಿತು ಎಂದು ಊರಿನವರನ್ನು ಕೇಳಿದರೆ ಉತ್ತರಕ್ಕೆ ತಡವರಿಸುತ್ತಾರೆ. ಅವರು ಮಾಡುವುದು ಇಷ್ಟೆ: ಒಂದು ಗಳಿಗೆ ನಿಂತು ನೋಡುತ್ತಾರೆ. ಬಿಸಿಲೇರಿದಾಗ ಕರಗಿದರೆ ಮಂಜು. ಅದೇ ಜಾಗದಿಂದ ಮತ್ತೆ ಮತ್ತೆ ಎದ್ದು, ಗಾಳಿ ಈ ಕಡೆ ತಿರುಗಿದಾಗ ಕಮಟು ವಾಸನೆಯನ್ನೂ ತಂದರೆ ಹೊಗೆ.

ನಮ್ಮ ಹಳೆಯ ತರ್ಕಶಾಸ್ತ್ರದ ಮೊದಲ ಪಾಠವೂ ಇಂಥದೇ ಒಂದು ಗುಡ್ಡದ ಮೇಲಿನದು. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರಿಗೆಲ್ಲ ಅದು ಬಾಯಿಪಾಠ. ಗುಡ್ಡದಲ್ಲಿ ಬೆಂಕಿ ಇದೆಯೆಂದು ಸಾಧಿಸಬೇಕು. ಬೆಂಕಿ ಕಾಣುವುದಿಲ್ಲ, ಹೊಗೆ ಕಾಣುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ ಎಂಬುದನ್ನು ಅಡುಗೆಮನೆಯಲ್ಲಿ ಕಂಡು ಬಲ್ಲೆವು. ಬೆಂಕಿ ಇಲ್ಲದ ಕಡೆ, ಎಂದರೆ ಸರೋವರದಲ್ಲಿ, ಹೊಗೆಯೂ ಇಲ್ಲವೆಂಬುದನ್ನು ಬಲ್ಲೆವು. ಆದ್ದರಿಂದ ಗುಡ್ಡದಲ್ಲಿ ಬೆಂಕಿ ಇದೆ. ಕಣ್ಣಿಗೆ ಕಾಣುವ ಗುರುತು, ಆ ಗುರುತನ್ನು ಕಲಿತ ಅಡುಗೆಮನೆ, ಗುರುತು ಇರಬಾರದ ಸರೋವರ: ಈ ಮೂರೂ ಸರಿಯಿದ್ದರೆ ಅನುಮಾನ ಸರಿ, ಒಂದು ತಪ್ಪಿದರೂ ಕೆಟ್ಟಿತು.

ಭೂಮಿಯ ಆಚೆ ಜೀವ ಇದೆಯೇ ಎಂಬ ಪ್ರಶ್ನೆಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಎಷ್ಟೋ ಸಲ ‘ಇದೆ’ ಎಂಬ ಉತ್ತರ ಬಂದಿದೆ. ಆ ಉತ್ತರಗಳ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಈ ಗುಡ್ಡ ನೆನಪಾಗುತ್ತದೆ. ಹಾಗೆಯೇ ನಾನು ತೀರಿಸದೆ ಉಳಿಸಿಕೊಂಡ ಒಂದು ಬಾಕಿಯೂ ನೆನಪಾಗುತ್ತದೆ.

1996ರ ಆಗಸ್ಟ್ ತಿಂಗಳು. ಆಗ ನಾನು ತಾಲ್ಲೂಕು ಊರೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಪತ್ರಿಕೆ ಬರುತ್ತಿದ್ದುದು ಬೆಳಗಿನ ಬಸ್ಸಿಗೆ. ಆವತ್ತು ನೆನೆದು ಮೆತ್ತಗಾಗಿದ್ದ ಪತ್ರಿಕೆಯನ್ನು ಬಿಡಿಸಿದರೆ ಮುಖಪುಟದಲ್ಲೇ ಸುದ್ದಿ: ಮಂಗಳ ಗ್ರಹದಿಂದ ಬಂದ ಕಲ್ಲಿನಲ್ಲಿ ಜೀವದ ಕುರುಹು. ಆಗಸ್ಟ್ 7ರಂದು ನಾಸಾ ಸಂಸ್ಥೆಯ ವಿಜ್ಞಾನಿಗಳು ಪತ್ರಿಕಾಗೋಷ್ಠಿ ಕರೆದು ಹೇಳಿದ್ದರು; ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಕೂಡ ಶ್ವೇತಭವನದ ಅಂಗಳದಲ್ಲಿ ನಿಂತು ಮಾತಾಡಿದ್ದರು. ಹುಳುವಿನಂತೆ ಕಾಣುವ ಆಕೃತಿಯ ಚಿತ್ರವೂ ಇತ್ತು. ನನ್ನ ಉತ್ಸಾಹವನ್ನು ಏನೆಂದು ಹೇಳಲಿ! ಹತ್ತನೆಯ ತರಗತಿಗೆ ಹೋದವನೇ ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ‘ಮಂಗಳದಲ್ಲಿ ಜೀವ ಇತ್ತು’ ಎಂದು ಬರೆದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. “ಸಾರ್, ಕಲ್ಲು ಸಿಕ್ಕಿದ್ದು ನಮ್ಮ ಭೂಮಿ ಮೇಲೇ ಅಲ್ವಾ? ಅಷ್ಟೊಂದು ವರ್ಷ ಇಲ್ಲೇ ಬಿದ್ದಿತ್ತು ಅಂದ್ರೆ ಹುಳ ಇಲ್ಲಿಂದ್ಲೇ ಹತ್ತಿರಬಹುದಲ್ಲ ಸಾರ್? ನಮ್ಮನೆ ಅಕ್ಕಿಗೆ ಹತ್ತೋ ಹಾಗೆ.” ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. “ನಾಸಾದವರಿಗೆ ಗೊತ್ತಾಗದ್ದು ನಿನಗೆ ಗೊತ್ತಾಯ್ತೇನೋ? ಕೂತ್ಕೋ,” ಎಂದೆ. ಅವನು ಕೂತ. ಮತ್ತೆ ಆ ವರ್ಷ ಅವನು ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಆ ಹುಡುಗನ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಕಥೆಯನ್ನು ಹಿಂದಿನಿಂದ ಹೇಳಬೇಕು.

1877ರಲ್ಲಿ ಮಂಗಳ ಭೂಮಿಗೆ ಬಹಳ ಹತ್ತಿರ ಬಂದಿತ್ತು. ಇಟಲಿಯ ಮಿಲಾನಿನಲ್ಲಿ ಸ್ಕಿಯಾಪರೆಲ್ಲಿ ಎಂಬ ಖಗೋಳಜ್ಞ ಅದನ್ನು ದೂರದರ್ಶಕದಲ್ಲಿ ನೋಡಿ ನಕ್ಷೆ ಬರೆದ. ಕೆಂಬಣ್ಣದ ನೆಲದ ಮೇಲೆ ಅವನಿಗೆ ಸಪೂರ ಗೆರೆಗಳು ಕಂಡವು. ಅವುಗಳನ್ನು ತನ್ನ ಭಾಷೆಯಲ್ಲಿ ‘ಕನಾಲಿ’ ಎಂದು ಕರೆದ. ಆ ಮಾತಿಗೆ ನೀರು ಹರಿದಾಡುವ ಜಾಡು ಎಂಬ ಅರ್ಥವೂ ಉಂಟು, ತೋಡಿದ ಕಾಲುವೆ ಎಂಬ ಅರ್ಥವೂ ಉಂಟು. ಇಂಗ್ಲಿಷಿಗೆ ಹೋಗುವಾಗ ಅದು ಕಾಲುವೆಯೇ ಆಗಿಬಿಟ್ಟಿತು. ಸೂಯೆಜ್ ಕಾಲುವೆ ತೆರೆದು ಆಗ ಎಂಟೇ ವರ್ಷವಾಗಿತ್ತು. ಕಾಲುವೆ ಎಂದರೆ ಮನುಷ್ಯನ ಬುದ್ಧಿಯ ಪರಾಕಾಷ್ಠೆ ಎನ್ನುತ್ತಿದ್ದ ಕಾಲ. ಕಾಲುವೆ ಇದ್ದ ಮೇಲೆ ತೋಡಿದವರೂ ಇರಲೇಬೇಕಲ್ಲ?

ಹೀಗೆ ತೋಡಿದವರನ್ನು ಹುಡುಕಿ ಹೊರಟವನು ಅಮೆರಿಕದ ಪರ್ಸಿವಲ್ ಲೊವೆಲ್. ಶ್ರೀಮಂತ, ವಿದ್ಯಾವಂತ, ಒಳ್ಳೆಯ ಬರಹಗಾರ. 1894ರಲ್ಲಿ ಅರಿಜೋನದ ಫ್ಲ್ಯಾಗ್‌ಸ್ಟಾಫಿನ ಗುಡ್ಡದ ಮೇಲೆ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಸಿದ. ನೂರಾರು ಗೆರೆಗಳನ್ನು ಬರೆದ. ಒಣಗುತ್ತಿರುವ ಗ್ರಹದ ಜನ ಧ್ರುವದ ಹಿಮ ಕರಗಿದ ನೀರನ್ನು ಹೊಲಗಳಿಗೆ ಹಾಯಿಸಲು ಇಡೀ ಗ್ರಹದ ಮೇಲೆ ಕಾಲುವೆಗಳ ಜಾಲ ಹರಡಿದ್ದಾರೆ ಎಂಬುದು ಅವನ ಸಿದ್ಧಾಂತ. ಅವನು ಸುಳ್ಳುಗಾರನಲ್ಲ. ಕಂಡದ್ದನ್ನೇ ಬರೆದ, ರಾತ್ರಿಗಟ್ಟಲೆ ನಿದ್ದೆಗೆಟ್ಟು ಬರೆದ.

ಅವನ ಗೆರೆಗಳಿಗೆ ಉತ್ತರ ಕೊಟ್ಟದ್ದು ಶಾಲೆಯ ಹುಡುಗರು. 1903ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಮಾಂಡರ್ ಎಂಬ ಖಗೋಳಜ್ಞ ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯ ಇವಾನ್ಸ್ ಎಂಬವರೊಡನೆ ಸೇರಿ ಒಂದು ಪ್ರಯೋಗ ಮಾಡಿದ. ಮಂಗಳದಂತೆ ಕಾಣುವ ದುಂಡನೆಯ ಚಿತ್ರವನ್ನು ಗೋಡೆಗೆ ತೂಗುಹಾಕಿದರು. ಅದರಲ್ಲಿ ಕಾಲುವೆಗಳಿರಲಿಲ್ಲ, ಚುಕ್ಕೆಗಳು, ಮಸಿಯ ಕಲೆಗಳು ಇದ್ದವು. ಬೇರೆ ಬೇರೆ ದೂರದಲ್ಲಿ ಕೂತ ಹುಡುಗರಿಗೆ ಕಂಡಂತೆ ಬರೆಯಲು ಹೇಳಿದರು. ಚುಕ್ಕೆಗಳು ಬಿಡಿಬಿಡಿಯಾಗಿ ಕಾಣದಷ್ಟು ದೂರ, ಆದರೆ ಪೂರಾ ಮಾಸಿಹೋಗದಷ್ಟು ಹತ್ತಿರ ಕೂತ ಹುಡುಗರು ನೆಟ್ಟಗಿನ ಗೆರೆಗಳನ್ನು ಎಳೆದರು! ಚದುರಿದ ಚುಕ್ಕೆಗಳನ್ನು ಕಣ್ಣು ತಾನಾಗಿಯೇ ಹೊಲಿದುಕೊಳ್ಳುತ್ತದೆ. ಡಾರ್ವಿನ್ನನ ಜೊತೆಗೆ ವಿಕಾಸವಾದದ ಹೆಸರಿಗೆ ಭಾಗಿಯಾದ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ತನ್ನ 84ನೆಯ ವಯಸ್ಸಿನಲ್ಲಿ, 1907ರಲ್ಲಿ, ಒಂದು ಪುಸ್ತಕವನ್ನೇ ಬರೆದು ಕೇಳಿದ: ಅಷ್ಟು ಚಳಿಯ, ಅಷ್ಟು ತೆಳು ಗಾಳಿಯ ಗ್ರಹದಲ್ಲಿ ಸಾವಿರಾರು ಮೈಲಿ ಮರುಭೂಮಿಯ ಮೇಲೆ ತೆರೆದ ಕಾಲುವೆಯಲ್ಲಿ ನೀರು ಹರಿಸುವುದು ಎಂಥ ಜಾಣರ ಕೆಲಸ? ಲೊವೆಲ್ ಒಪ್ಪಲಿಲ್ಲ. ಅವನು 1916ರಲ್ಲಿ ತೀರಿಕೊಂಡ. 1965ರ ಜುಲೈಯಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಪಕ್ಕದಲ್ಲಿ ಹಾದು 21 ಪೂರ್ಣ ಚಿತ್ರಗಳನ್ನೂ ಇನ್ನೊಂದರ ಚೂರನ್ನೂ ಕಳಿಸಿತು. ಕಾಲುವೆಗಳಿರಲಿಲ್ಲ. ಚಂದ್ರನ ಮೇಲಿರುವಂಥ ಕುಳಿಗಳಿದ್ದವು.

ಇಲ್ಲಿ ತಪ್ಪಿದ್ದು ಮೊದಲ ಮೆಟ್ಟಿಲೇ. ಹೊಗೆಯೇ ಇರಲಿಲ್ಲ. ಇದ್ದದ್ದು ನೋಡುವವನ ಕಣ್ಣಿನೊಳಗೆ.

ಹಾಗಾದರೆ ಕಣ್ಣನ್ನು ಬಿಟ್ಟು ಯಂತ್ರವನ್ನು ನಂಬೋಣವೇ? ಅದನ್ನೂ ಮಾಡಿದರು. ಬೆಳಕನ್ನು ಬಣ್ಣಗಳಾಗಿ ಸೀಳಿದಾಗ ಕಾಣುವ ಪಟ್ಟಿಗೆ ರೋಹಿತ ಎನ್ನುತ್ತಾರೆ. ಬೆಳಕು ದಾಟಿಬಂದ ಪ್ರತಿಯೊಂದು ವಸ್ತುವೂ ಆ ಪಟ್ಟಿಯಲ್ಲಿ ತನ್ನದೇ ಜಾಗದಲ್ಲಿ ಒಂದಿಷ್ಟು ಬೆಳಕನ್ನು ಕದ್ದಿರುತ್ತದೆ. ಎಲ್ಲಿ ಕಳುವಾಗಿದೆ ಎಂದು ನೋಡಿ ಕದ್ದವರಾರೆಂದು ಹೇಳಬಹುದು. 1950ರ ದಶಕದ ಕೊನೆಯಲ್ಲಿ ವಿಲಿಯಂ ಸಿಂಟನ್ ಎಂಬ ಅಮೆರಿಕದ ವಿಜ್ಞಾನಿ ಮಂಗಳದಿಂದ ಬಂದ ಅವಕೆಂಪು ಬೆಳಕಿನಲ್ಲಿ ಇಂಥ ಕಳುವನ್ನು ಕಂಡ. ಗಿಡಮರಗಳ ಎಲೆಯಲ್ಲಿರುವಂಥ ಕಾರ್ಬನ್ ಸಂಯುಕ್ತಗಳು ಬೆಳಕು ಕದಿಯುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಮಂಗಳದಲ್ಲಿ ಸಸ್ಯಗಳಿರಬಹುದು ಎಂದು ಅನೇಕರು ನಂಬಿದರು. 1965ರಲ್ಲಿ ಕಳ್ಳ ಸಿಕ್ಕಿಬಿದ್ದ. ಎರಡು ಪಟ್ಟಿಗಳು ನಮ್ಮ ಭೂಮಿಯ ವಾತಾವರಣದಲ್ಲೇ ಇರುವ ಒಂದು ಬಗೆಯ ಭಾರಜಲದ ಆವಿಯ ಕೆಲಸ! ಬೆಳಕು ಮಂಗಳದಿಂದ ಕೋಟ್ಯಂತರ ಮೈಲಿ ಬಂದದ್ದು ನಿಜ. ಕಳುವಾದದ್ದು ನಮ್ಮ ಮನೆಯ ಜಗಲಿಯಲ್ಲಿ. ಈ ತಪ್ಪನ್ನು ತೋರಿಸಿದ ಲೇಖನಕ್ಕೆ ಸಹಿ ಹಾಕಿದ ಮೂವರಲ್ಲಿ ಸಿಂಟನ್ ಕೂಡ ಒಬ್ಬ. ಲೊವೆಲ್‌ನಿಗಿಂತ ಅವನ ಹೆಸರು ಕಡಿಮೆ ಜನಕ್ಕೆ ಗೊತ್ತು. ಮೇಷ್ಟ್ರಾಗಿ ನಾನು ಮಕ್ಕಳಿಗೆ ಹೇಳಬೇಕಾಗಿದ್ದ ಹೆಸರು ಅದು.

ಮುಂದಿನದು ವೈಕಿಂಗ್. 1976ರ ಜುಲೈ 20ರಂದು ಮೊದಲನೆಯದು, ಸೆಪ್ಟೆಂಬರ್ 3ರಂದು ಎರಡನೆಯದು, ಹೀಗೆ ಎರಡು ನೌಕೆಗಳು ಮಂಗಳದ ನೆಲಕ್ಕಿಳಿದವು. ಪ್ರತಿಯೊಂದರಲ್ಲೂ ಜೀವ ಹುಡುಕುವ ಮೂರು ಪ್ರಯೋಗ. ಮುಖ್ಯವಾದದ್ದು ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ಅವರದ್ದು. ಉಪಾಯ ಸರಳ. ಒಂದು ಚಮಚದಷ್ಟೂ ಇಲ್ಲದ ಮಣ್ಣಿಗೆ ಪೌಷ್ಟಿಕ ದ್ರವದ ಹನಿ ಹಾಕುವುದು. ಆ ದ್ರವದ ಕಾರ್ಬನ್ನಿಗೆ ವಿಕಿರಣದ ಗುರುತು ಹಚ್ಚಿರುವುದು. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳಿದ್ದರೆ ಉಂಡು ಉಸಿರು ಬಿಡುತ್ತವೆ. ಉಸಿರಿನಲ್ಲಿ ಆ ಗುರುತು ಸಿಗುತ್ತದೆ. ಜೊತೆಗೆ ಇನ್ನೊಂದಿಷ್ಟು ಮಣ್ಣನ್ನು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಜೀವವಿದ್ದರೂ ಸಾಯುವಂತೆ ಮಾಡಿ, ಅದಕ್ಕೂ ಹನಿ ಹಾಕುವುದು. ಇದು ತರ್ಕದ ಸರೋವರ. ಬೆಂಕಿಯಿಲ್ಲದ ಕಡೆ ಹೊಗೆಯೂ ಇಲ್ಲವೆಂದು ತೋರಿಸುವ ಏರ್ಪಾಡು.

ಹನಿ ಬಿದ್ದೊಡನೆ ಮಣ್ಣು ಗುರುತಿನ ಅನಿಲವನ್ನು ಬಿಟ್ಟಿತು. ಕಾಯಿಸಿದ ಮಣ್ಣು ಸುಮ್ಮನಿತ್ತು. ಹೊರಡುವ ಮೊದಲೇ ಬರೆದಿಟ್ಟುಕೊಂಡ ಶರತ್ತಿನ ಪ್ರಕಾರ ಜೀವ ಸಿಕ್ಕಿತ್ತು! ಆದರೆ ಪಕ್ಕದಲ್ಲೇ ಇದ್ದ ಇನ್ನೊಂದು ಉಪಕರಣ, ಮಣ್ಣನ್ನು ಕಾಯಿಸಿ ಸಾವಯವ ವಸ್ತು ಹುಡುಕುವಂಥದು, ಏನೂ ಇಲ್ಲವೆಂದಿತು. ಕ್ಲೋರಿನ್ ಸೇರಿದ ಒಂದೆರಡು ಸಣ್ಣ ಸಂಯುಕ್ತಗಳು ಸಿಕ್ಕಿದ್ದವು. ಅವು ಭೂಮಿಯಲ್ಲಿ ಉಪಕರಣ ತೊಳೆದಾಗ ಉಳಿದದ್ದೆಂದು ಬದಿಗಿಟ್ಟರು. ಜೀವಿಯ ಮೈಯೇ ಇಲ್ಲದೆ ಉಸಿರು ಎಲ್ಲಿಂದ? ಇನ್ನೊಂದು ಪ್ರಯೋಗದಲ್ಲಿ ಬರಿಯ ತೇವ ತಾಗಿದ್ದಕ್ಕೇ ಮಣ್ಣು ಆಮ್ಲಜನಕ ಬಿಟ್ಟಿತು, ಕಾಯಿಸಿದ ಮೇಲೂ ಬಿಟ್ಟಿತು. ಮಂಗಳದ ಮಣ್ಣಿನಲ್ಲಿ ಜೀವದ ಹಂಗಿಲ್ಲದೆಯೇ ಹಾಗೆಲ್ಲ ಕುದಿಯುವ ರಾಸಾಯನಿಕವೇನೋ ಇದೆ ಎಂಬ ನಿರ್ಧಾರಕ್ಕೆ ಹೆಚ್ಚಿನವರು ಬಂದರು. ಚಳಿಗಾಲದ ಮುಂಜಾನೆ ಕೆರೆಯ ಮೇಲೂ ಹೊಗೆಯಂಥದ್ದು ಏಳುತ್ತದಲ್ಲವೆ? ಸರೋವರದಲ್ಲಿ ಹೊಗೆ ಕಾಣುವುದೇ ಇಲ್ಲವೆಂದು ತಿಳಿದಿದ್ದೆವು. ಸರೋವರವನ್ನು ನಾವು ಸರಿಯಾಗಿ ನೋಡಿರಲಿಲ್ಲ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವನ್ನು ಕಂಡಿತು. ಇದನ್ನು ಬೆರೆಸಿದ ಮಣ್ಣನ್ನು ಕಾಯಿಸಿದರೆ ಅದರಲ್ಲಿನ ಸಾವಯವ ವಸ್ತು ಸುಟ್ಟುಹೋಗಿ ವೈಕಿಂಗ್ ಬದಿಗಿಟ್ಟ ಅದೇ ಕ್ಲೋರಿನ್ ಸಂಯುಕ್ತಗಳು ಉಳಿಯುತ್ತವೆಂದು 2010ರಲ್ಲಿ ತೋರಿಸಿದರು. ಎಂದರೆ, ಹುಡುಕಲು ಹಚ್ಚಿದ ಬೆಂಕಿಯೇ ಹುಡುಕುತ್ತಿದ್ದುದನ್ನು ಸುಟ್ಟಿರಬಹುದು. ಕ್ಯೂರಿಯಾಸಿಟಿ ಎಂಬ ಗಾಲಿನೌಕೆ ಮಂಗಳದಲ್ಲಿ ಸಾವಯವ ವಸ್ತು ಇದೆಯೆಂದು 2014ರಿಂದೀಚೆಗೆ ಖಚಿತಪಡಿಸಿದೆ. ಅದರಿಂದ ಜೀವ ಸಾಬೀತಾಗಲಿಲ್ಲ. ‘ಇಲ್ಲ’ ಎನ್ನುವುದಕ್ಕೆ ಇದ್ದ ಒಂದು ಆಧಾರ ಸಡಿಲವಾಯಿತು, ಅಷ್ಟೆ. ಲೆವಿನ್ 2021ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾವು 1976ರಲ್ಲೇ ಮಂಗಳದ ಜೀವವನ್ನು ಕಂಡೆವೆಂಬ ಮಾತನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಅವರನ್ನು ಹಟಮಾರಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಶರತ್ತು ಮೊದಲೇ ಬರೆದಾಗಿತ್ತು, ಶರತ್ತಿನಂತೆ ಉತ್ತರವೂ ಬಂದಿತ್ತು. ಆಟ ಮುಗಿದ ಮೇಲೆ ನಿಯಮ ಬದಲಾಯಿತೆಂದು ಅವರಿಗೆ ಅನ್ನಿಸಿದ್ದರೆ ಆಶ್ಚರ್ಯವೇನು?

ಈಗ ನನ್ನ ಕರಿಹಲಗೆಯ ಕಲ್ಲಿಗೆ ಬರುತ್ತೇನೆ. ಅದು ಸಿಕ್ಕಿದ್ದು 1984ರ ಡಿಸೆಂಬರಿನಲ್ಲಿ, ಅಂಟಾರ್ಕ್ಟಿಕದ ಆಲನ್ ಹಿಲ್ಸ್ ಎಂಬಲ್ಲಿನ ಹಿಮದ ಬಯಲಿನಲ್ಲಿ. ತೂಕ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ. ಸುಮಾರು 1.6 ಕೋಟಿ ವರ್ಷಗಳ ಹಿಂದೆ ಯಾವುದೋ ಹೊಡೆತಕ್ಕೆ ಮಂಗಳದಿಂದ ಸಿಡಿದು, ಅಲೆದಲೆದು, 13 ಸಾವಿರ ವರ್ಷಗಳ ಹಿಂದೆ ಇಲ್ಲಿ ಬಿತ್ತು. ಮಂಗಳದ ಕಲ್ಲೆಂದು ತಿಳಿಯುವುದು ಹೇಗೆ? ಅಂಟಾರ್ಕ್ಟಿಕದ ಇನ್ನೊಂದು ಉಲ್ಕಾಶಿಲೆಯೊಳಗೆ ಸಿಕ್ಕಿಬಿದ್ದಿದ್ದ ಅನಿಲವು ವೈಕಿಂಗ್ ಅಳೆದ ಮಂಗಳದ ಗಾಳಿಗೆ ಹೊಂದುತ್ತದೆಂದು 1983ರಲ್ಲಿ ಗೊತ್ತಾಗಿತ್ತು. ಜೀವ ಕೊಡದ ವೈಕಿಂಗ್ ಈ ಕೀಲಿಕೈಯನ್ನು ಕೊಟ್ಟಿತ್ತು. ಆಲನ್ ಹಿಲ್ಸ್ ಕಲ್ಲನ್ನು ಮೊದಲು ಬೇರೆ ಜಾತಿಗೆ ಸೇರಿಸಿಟ್ಟಿದ್ದರು; ಸುಮಾರು ಹತ್ತು ವರ್ಷದ ಮೇಲೆ ಅದು ಮಂಗಳದ್ದೆಂದು ಗುರುತು ಹತ್ತಿತು.

ಡೇವಿಡ್ ಮೆಕೇ ಮತ್ತು ಸಂಗಡಿಗರು ಅದರಲ್ಲಿ ನಾಲ್ಕು ಸಂಗತಿಗಳನ್ನು ಕಂಡರು. ನೀರಿದ್ದಲ್ಲಿ ಆಗುವಂಥ ಕಾರ್ಬೊನೇಟ್ ಗುಳಿಗೆಗಳು. ಅವುಗಳ ಬಳಿ ಸಾವಯವ ಸಂಯುಕ್ತಗಳು. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಮೈಯೊಳಗೆ ಮಾಡಿಕೊಳ್ಳುವಂಥ ಅಯಸ್ಕಾಂತದ ಹರಳುಗಳು. ಮತ್ತು ಆ ಪ್ರಸಿದ್ಧ ಹುಳುವಿನ ಆಕೃತಿಗಳು. ಒಂದೊಂದಕ್ಕೂ ಜೀವವಿಲ್ಲದ ಕಾರಣ ಹೇಳಬಹುದು, ಒಟ್ಟಿಗೆ ನೋಡಿದರೆ ಜೀವವೇ ಹೆಚ್ಚು ಹೊಂದುತ್ತದೆ ಎಂಬುದು ಅವರ ವಾದ. ಅವರು ಬರೆದದ್ದು ಎಚ್ಚರಿಕೆಯಿಂದಲೇ. ಆ ಪತ್ರಿಕಾಗೋಷ್ಠಿಯ ವೇದಿಕೆಯಲ್ಲೇ ವಿಲಿಯಂ ಷಾಫ್ ಎಂಬ ಹಿರಿಯ ವಿಜ್ಞಾನಿಯನ್ನು ಕೂರಿಸಿಕೊಂಡಿದ್ದರು. ಇಷ್ಟು ಪುರಾವೆ ಸಾಲದೆಂದು ಅವರು ಅಲ್ಲೇ ಹೇಳಿದರು. ನಾಸಾದವರು ಆಕ್ಷೇಪಿಸುವವರಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ನಾನು ನನ್ನ ತರಗತಿಯಲ್ಲಿ ಎದ್ದು ನಿಂತವನನ್ನು ಕೂರಿಸಿದ್ದೆ.

ಒಂದೂವರೆ ವರ್ಷದಲ್ಲೇ, 1998ರ ಜನವರಿಯಲ್ಲಿ, ಎರಡು ಲೇಖನಗಳು ಒಟ್ಟಿಗೆ ಬಂದವು. ಜೆಫ್ರಿ ಬಾಡ ಮತ್ತು ಸಂಗಡಿಗರು ಕಲ್ಲಿನಲ್ಲಿದ್ದ ಅಮೈನೊ ಆಮ್ಲಗಳು ಅಂಟಾರ್ಕ್ಟಿಕದ ಹಿಮದಲ್ಲಿರುವಂಥವೇ ಎಂದು ತೋರಿಸಿದರು. ಜುಲ್ ಎಂಬವರ ತಂಡ ಕಾರ್ಬನ್-14ರ ಲೆಕ್ಕ ಹಿಡಿದು, ಸಾವಯವ ವಸ್ತುವಿನ ಬಹುಪಾಲು ಈ ಭೂಮಿಯದೇ ಎಂದಿತು. ಅಕ್ಕಿಗೆ ಹುಳ ಇಲ್ಲಿಂದಲೇ ಹತ್ತಿತ್ತು.

ಉಳಿದ ಮೂರೂ ಒಂದೊಂದಾಗಿ ಸವೆದವು. ಆಕೃತಿಗಳು ತೀರ ಸಣ್ಣವು, ಹಲವು 100 ನ್ಯಾನೊಮೀಟರಿಗಿಂತ ಕಿರಿದು. ಜೀವಕ್ಕೆ ಬೇಕಾದ ಕನಿಷ್ಠ ಸಾಮಗ್ರಿ ತುಂಬಲು ಸುಮಾರು 200 ನ್ಯಾನೊಮೀಟರಾದರೂ ಬೇಕೆಂದು ತಜ್ಞರ ಸಭೆಯೊಂದು 1999ರ ವರದಿಯಲ್ಲಿ ಲೆಕ್ಕ ಕೊಟ್ಟಿತು. ಕಾರ್ಬೊನೇಟನ್ನು ಕಾಯಿಸಿಯೇ ಅಂಥ ಅಯಸ್ಕಾಂತದ ಹರಳು ಮಾಡಬಹುದೆಂದು ಪ್ರಯೋಗಾಲಯದಲ್ಲಿ ತೋರಿಸಿದರು. ಕಲ್ಲಿನೊಳಗೆ ನಿಜವಾಗಿಯೂ ಮಂಗಳದ್ದೇ ಆದ ಸಾವಯವ ವಸ್ತು ನೀರು ಮತ್ತು ಕಲ್ಲಿನ ನಡುವಿನ ರಾಸಾಯನಿಕ ಕ್ರಿಯೆಯಿಂದ ಆದದ್ದೆಂದು 2022ರಲ್ಲಿ ಆಂಡ್ರ್ಯೂ ಸ್ಟೀಲ್ ತಂಡ ಬರೆಯಿತು. ಮೆಕೇ 2013ರಲ್ಲಿ ತೀರಿಕೊಂಡಿದ್ದರು.

ಇದೇ ಪಾಠವನ್ನು ನಾವು ಇನ್ನೂ ಹತ್ತಿರದಿಂದ ನೋಡಿದೆವು. 2004ರ ಸುಮಾರಿಗೆ ಮಂಗಳದ ಗಾಳಿಯಲ್ಲಿ ಮೀಥೇನ್ ಇದೆಯೆಂಬ ವರದಿಗಳು ಬಂದವು. ಮೀಥೇನ್ ಎಂದರೆ ನಮ್ಮೂರಿನ ಗೋಬರ್ ಗ್ಯಾಸ್ ಗುಂಡಿಯಿಂದ ಒಲೆಗೆ ಬರುವ ಅನಿಲ. ಸೆಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಕೃಪೆ. ಆದರೆ ನೀರು ಕೆಲವು ಬಗೆಯ ಕಲ್ಲಿನೊಡನೆ ಸೇರಿದಾಗ ಯಾವ ಜೀವಿಯೂ ಇಲ್ಲದೆ ಅದು ಆಗಬಲ್ಲದು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಬೆಂಗಳೂರಿನ ಇಸ್ರೋ ಕೇಂದ್ರದಿಂದ ಮಂಗಳಯಾನ ಕಕ್ಷೆ ಸೇರಿದ ಸುದ್ದಿ ಬಂದಾಗ ಟೀವಿಯ ಮುಂದೆ ನಾನೂ ಚಪ್ಪಾಳೆ ತಟ್ಟಿದ್ದೆ. ಅದರಲ್ಲಿ ಮೀಥೇನ್ ಅಳೆಯುವ ಉಪಕರಣವಿತ್ತು. ಮೀಥೇನಿನ ಗುರುತನ್ನು ಬೇರೆ ಅನಿಲದ ಗುರುತಿನಿಂದ ಬಿಡಿಸಿ ತೋರಿಸುವುದು ಅದಕ್ಕೆ ಸಾಧ್ಯವಿಲ್ಲವೆಂದು ಆಮೇಲೆ ತಿಳಿಯಿತು. ನೆಲ ಎಷ್ಟು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬ ನಕ್ಷೆಗೆ ಅದನ್ನು ಬಳಸಿದರು. ಕ್ಯೂರಿಯಾಸಿಟಿಗೆ ಒಮ್ಮೆ ಶತಕೋಟಿಗೆ 7ರಷ್ಟು, 2019ರಲ್ಲಿ 21ರಷ್ಟು ಮೀಥೇನ್ ಸಿಕ್ಕಿತು. ಅದೇ ಕಾಲದಲ್ಲಿ ಮೇಲಿನಿಂದ ಹೆಚ್ಚು ಸೂಕ್ಷ್ಮವಾಗಿ ನೋಡುತ್ತಿದ್ದ ಯುರೋಪಿನ ನೌಕೆಗೆ ಏನೂ ಸಿಗಲಿಲ್ಲ. ಕ್ಯೂರಿಯಾಸಿಟಿಯ ಉಪಕರಣದ ಒಂದು ಕೋಣೆಯಲ್ಲಿ ಭೂಮಿಯಿಂದ ಹೋದ ಮೀಥೇನ್ ಉಳಿದಿತ್ತೆಂಬುದೂ ನಿಜ. ಜಗಳ ಇನ್ನೂ ಹರಿದಿಲ್ಲ.

2025ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ನಮ್ಮಿಂದ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ಸುಳಿವಿದೆಯೆಂದಿತು. ಭೂಮಿಯಲ್ಲಿ ಅದು ಮುಖ್ಯವಾಗಿ ಸಮುದ್ರದ ಸೂಕ್ಷ್ಮಸಸ್ಯಗಳಿಂದ ಬರುತ್ತದೆ. ಅದೇ ಅನಿಲ ಜೀವದ ಸುಳಿವಿಲ್ಲದ ಧೂಮಕೇತುವೊಂದರಲ್ಲೂ ಸಿಕ್ಕಿದೆ ಎಂದು ಬೇರೆಯವರು ಅದಕ್ಕಿಂತ ಮೊದಲೇ ತೋರಿಸಿದ್ದರು. ಸುಳಿವು ಅಷ್ಟು ಗಟ್ಟಿಯಿಲ್ಲವೆಂದು ಇನ್ನು ಕೆಲವರು ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ ಹೇಳಿದರು.

ಇಷ್ಟನ್ನೆಲ್ಲ ಓದಿದವರು, ಹಾಗಾದರೆ ವಿಜ್ಞಾನಿಗಳು ಯಾವುದಕ್ಕೂ ಒಪ್ಪುವುದಿಲ್ಲವೋ ಎಂದು ಕೇಳಬಹುದು. ನನಗನ್ನಿಸುವುದು ಹೀಗೆ. ಹೊಗೆ ಎಲ್ಲಿಂದ ಬರುತ್ತದೆಂದು ಕಲಿಯಲು ನಮಗಿರುವುದು ಒಂದೇ ಅಡುಗೆಮನೆ, ಈ ಭೂಮಿ. ಬೇರೆ ಅಡುಗೆಮನೆಯನ್ನು ನಾವು ನೋಡಿಲ್ಲ. ಸರೋವರಗಳಾದರೋ, ಜೀವವಿಲ್ಲದ ಗ್ರಹ, ಧೂಮಕೇತು, ಕಲ್ಲುಗಳಾದರೋ, ಲೆಕ್ಕವಿಲ್ಲದಷ್ಟಿವೆ. ಅವು ಏನೇನು ಮಾಡಬಲ್ಲವೆಂದು ಪ್ರತಿಸಲವೂ ಹೊಸದಾಗಿ ಕಲಿಯುತ್ತಿದ್ದೇವೆ. ಆದ್ದರಿಂದ ‘ಇದು ಜೀವದಂತೆ ಕಾಣುತ್ತದೆ’ ಎಂಬುದು ಪುರಾವೆಯ ಮೊದಲ ಸಾಲು ಮಾತ್ರ. ‘ಜೀವವಿಲ್ಲದೆ ಇದು ಆಗಲಾರದು’ ಎಂಬುದು ಕೊನೆಯ ಸಾಲು. ನಡುವಿನ ಸಾಲುಗಳನ್ನೆಲ್ಲ ಸಂಶಯಪಡುವವರೇ ಬರೆಯಬೇಕು.

2021ರಲ್ಲಿ ನಾಸಾದ ವಿಜ್ಞಾನಿಗಳು ಈ ನಡುವಿನ ಸಾಲುಗಳನ್ನು ಏಳು ಮೆಟ್ಟಿಲುಗಳಾಗಿ ಜೋಡಿಸಿದರು. ಮೊದಲನೆಯದು, ಗುರುತು ಕಂಡಿತೆ? ಎರಡನೆಯದು, ಅದು ನಮ್ಮ ಕಡೆಯಿಂದ ಅಂಟಿದ ಕೊಳೆಯಲ್ಲ ತಾನೆ? ಆಮೇಲೆ, ಅಲ್ಲಿನ ಪರಿಸರದಲ್ಲಿ ಜೀವ ಅದನ್ನು ಮಾಡಬಲ್ಲದೆ, ಜೀವವಿಲ್ಲದ ಕಾರಣಗಳೆಲ್ಲ ತಳ್ಳಿಹೋದವೆ, ಬೇರೆ ದಾರಿಯಿಂದಲೂ ಅದೇ ಉತ್ತರ ಬರುತ್ತದೆಯೆ ಎಂದು ಏರುತ್ತ ಹೋಗುತ್ತದೆ. ಎರಡನೆಯ ಮೆಟ್ಟಿಲನ್ನು ಓದಿದಾಗ ನನಗೆ ಹಿಂದಿನ ಬೆಂಚು ಕಣ್ಣೆದುರು ಬಂತು. ಇಪ್ಪತ್ತೈದು ವರ್ಷ ಹಿಂದೆ ನಾನು ನಕ್ಕು ಕೂರಿಸಿದ ಪ್ರಶ್ನೆ ಅಚ್ಚಿನಲ್ಲಿ ಕೂತಿತ್ತು.

2025ರ ಕೊನೆಯಲ್ಲಿ ನಮ್ಮ ತೋಟದ ಪಂಪು ಕೆಟ್ಟಿತು. ಆ ಹುಡುಗ ಈಗ ಅದೇ ಊರಿನಲ್ಲಿ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದಾನೆ. ತಲೆಯಲ್ಲಿ ನರೆ ಬಂದಿದೆ. ಕಾಯಿಲ್ ಸುಟ್ಟಿದೆ, ಹೊಸದಾಗಿ ಸುತ್ತಬೇಕು ಎಂದು ನಾನು ಹೇಳುತ್ತಲೇ ಇದ್ದೆ. ಅವನು ಕೇಳಿಸಿಕೊಂಡು, ಮೊದಲು ವೈರು ನೋಡಿದ, ಕೆಪ್ಯಾಸಿಟರ್ ಬದಲಾಯಿಸಿ ನೋಡಿದ. ಮೋಟಾರು ತಿರುಗಿತು. “ಕಾಯಿಲ್ ಅಂತ ಬಿಚ್ಚೋದು ಕೊನೇಗೆ ಸಾರ್,” ಎಂದ.

ಆಗ ನಾನು ಆ ದಿನದ ಕಥೆ ಹೇಳಿದೆ. ನೀನು ಕೇಳಿದ್ದು ಸರಿಯಿತ್ತು, ನಾನು ತಪ್ಪಿದೆ ಎಂದೂ ಹೇಳಿದೆ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ಯೋಚಿಸಿದ. “ನನಗೆ ನೆನಪೇ ಇಲ್ಲ ಸಾರ್. ನಾನು ಕೇಳಿದ್ನಾ ಅಂಥದ್ದು?” ಎಂದು ನಕ್ಕ. ಇಷ್ಟು ವರ್ಷ ಹೊತ್ತುಕೊಂಡದ್ದನ್ನು ಇಳಿಸಲು ಹೋದರೆ ಪಡೆಯಬೇಕಾದವನಿಗೆ ಬಾಕಿಯ ನೆನಪೇ ಇರಲಿಲ್ಲ.

ಮಾತು ಮುಂದುವರಿಸಲು ಹೊಸ ಸುದ್ದಿ ಹೇಳಿದೆ. ಪರ್ಸಿವರೆನ್ಸ್ ಎಂಬ ಗಾಲಿನೌಕೆ 2024ರಲ್ಲಿ ಮಂಗಳದ ಹಳೆಯ ನದಿಯ ಪಾತ್ರದಲ್ಲಿ ಚಿರತೆಯ ಮೈಯಂಥ ಮಚ್ಚೆಗಳಿರುವ ಕಲ್ಲೊಂದನ್ನು ಕಂಡಿತು. ಅಂಥ ಮಚ್ಚೆಗಳಲ್ಲಿರುವ ಖನಿಜಗಳು ಭೂಮಿಯಲ್ಲಿ ಹಲವು ಕಡೆ ಸೂಕ್ಷ್ಮಜೀವಿಗಳ ಉಣಿಸಿನ ಉಳಿಕೆ. 2025ರ ಸೆಪ್ಟೆಂಬರಿನಲ್ಲಿ ಅದರ ಲೇಖನ ಬಂತು. ‘ಜೀವದ್ದಿರಬಹುದಾದ ಗುರುತು’ ಎಂದಷ್ಟೇ ಕರೆದರು.

“ಆ ಕಲ್ಲು ಈಗ ಎಲ್ಲಿದೆ ಸಾರ್?”

“ಒಂದು ಚೂರನ್ನು ಕೊರೆದು ಕೊಳವೆಗೆ ಹಾಕಿ ಮುಚ್ಚಿಟ್ಟಿದ್ದಾರೆ. ಇನ್ನೂ ಮಂಗಳದಲ್ಲೇ ಇದೆ. ತರೋದು ಯಾವಾಗ ಅಂತ ಗೊತ್ತಿಲ್ಲ.”

ಅವನು ಪಂಪಿನ ಮುಚ್ಚಳ ಬಿಗಿಯುತ್ತ ಕೇಳಿದ: “ಕೊಳವೆ ಇಲ್ಲಿಂದ ಹೋಗಿದ್ದಲ್ವಾ ಸಾರ್? ಅದರಲ್ಲೇ ಏನಾದ್ರೂ ಹತ್ಕೊಂಡು ಹೋಗಿದ್ರೆ?”

ನನಗೆ ನಗು ಬಂತು. ಈ ಸಲದ ನಗು ಬೇರೆ. ಆ ನೌಕೆಯಲ್ಲಿ ಒಟ್ಟು 43 ಕೊಳವೆಗಳಿವೆ, ಅವುಗಳಲ್ಲಿ ಐದನ್ನು ಕಲ್ಲಿಗೆಂದು ಇಟ್ಟಿಲ್ಲ, ಇಲ್ಲಿಂದ ಏನು ಹತ್ತಿಕೊಂಡು ಹೋಗಿದೆ ಎಂಬುದಕ್ಕೆ ಸಾಕ್ಷಿಯಾಗಿಯೇ ಇಟ್ಟಿದ್ದಾರೆ ಎಂದೆ. ನಿನ್ನ ಪ್ರಶ್ನೆಯನ್ನು ಅವರೂ ಕೇಳಿಕೊಂಡಿದ್ದಾರೆ ಎಂದೆ. “ಹೌದಾ!” ಎಂದವನು ಸ್ಪ್ಯಾನರು ಕೆಳಗಿಟ್ಟು, ಒಳಗಿನಿಂದ ಸ್ಟೂಲೊಂದನ್ನು ತಂದು ಬಟ್ಟೆಯಿಂದ ಒರೆಸಿದ.

“ಕೂತ್ಕೊಳ್ಳಿ ಸಾರ್. ಆ ಐದು ಕೊಳವೆ ವಿಷಯ ಪೂರ್ತಿ ಹೇಳಿ.”